ನೀಲಿ ರಟ್ಟಿನ ಜ್ಞಾನ ಕಾಲುವೆ

ದೋರನಹಳ್ಳಿಯ ಕಾಲುವೆ ವಸಾಹತು ವಾಚನಾಲಯದಲ್ಲಿರುವ ಎಲ್ಲ ಪುಸ್ತಕಗಳೂ ನೀರಾವರಿ ನಿಯಮಗಳಿಗೆ ಒಳಪಟ್ಟಿವೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಗುವವರು ಒಮ್ಮೆ ಬಂದು ನಮ್ಮ ಊರಿನ ಗೋದಾಮಿನ ಇತಿಹಾಸ ತಿಳಿದುಕೊಳ್ಳಲಿ.

ಕಾಲುವೆ ಅಗೆಯುವಾಗ ಸಿಮೆಂಟು ಇಡುವುದಕ್ಕೆಂದು ಊರ ಹೊರಗೆ ಒಂದು ಗೋದಾಮು ಕಟ್ಟಿದ್ದರು. ಕಾಲುವೆ ಮುಗಿಯಿತು, ಸಿಮೆಂಟೂ ಮುಗಿಯಿತು. ಅದರಲ್ಲಿ ಒಂದಿಷ್ಟು ಕಾಲುವೆಗೂ ಹೋಗಿತ್ತು ಎಂದು ಹೇಳುತ್ತಾರೆ. ಉಳಿದದ್ದು ದೊಡ್ಡವರ ಮಾಳಿಗೆಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಖಾಲಿ ಗೋದಾಮಿನಲ್ಲಿ ನಾಯಿ ಮರಿ ಹಾಕತೊಡಗಿದ್ದನ್ನು ಕಂಡು, ಕಾಲುವೆ ವಸಾಹತು ಕಲ್ಯಾಣ ಮಂಡಳಿ ಎಂಬ ಒಂದು ಸಂಸ್ಥೆ ಮಾರ್ಚ್ ತಿಂಗಳ ಕೊನೆಯಲ್ಲಿ ಒಂದು ಲಾರಿ ಪುಸ್ತಕ ತರಿಸಿ ಅಲ್ಲಿ ಇಳಿಸಿತು. ಗೋದಾಮು ಕಾಲುವೆಯದ್ದು. ಆದ್ದರಿಂದ ಅದರೊಳಗೆ ಇದ್ದದ್ದೂ ಕಾಲುವೆಯದ್ದೇ ಆಯಿತು. ಪುಸ್ತಕ ನೋಡಿಕೊಳ್ಳಲು ಲಸ್ಕರ್ ದೇವಿಂದ್ರಪ್ಪನನ್ನು ನೇಮಿಸಿದರು. ಅವನು ಅದುವರೆಗೆ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದ.

ದೇವಿಂದ್ರಪ್ಪ ಕೆಟ್ಟವನಲ್ಲ. ತನಗೆ ಬರುವ ಕೆಲಸವನ್ನು ಬಿಟ್ಟು ಬೇರೆ ಕೆಲಸ ಮಾಡುವುದು ತಪ್ಪು ಎಂದು ನಂಬಿದವನು, ಅಷ್ಟೆ. ಕಾಲುವೆ ನೀರನ್ನು ಪಾಳಿ ಹಚ್ಚಿ ಬಿಟ್ಟಂತೆ ಪುಸ್ತಕಗಳನ್ನೂ ಪಾಳಿ ಹಚ್ಚಿ ಬಿಡತೊಡಗಿದ. ಮೊದಲು ಮೇಲಿನ ಭಾಗದವರು, ಅಂದರೆ ಗೌಡರು, ಗುತ್ತೇದಾರರು, ಅಡತಿ ಅಂಗಡಿಯವರು. ಆಮೇಲೆ ನಡುವಿನವರು. ಕಡೆಗೆ ಕಾಲುವೆಯ ತುದಿಯಲ್ಲಿರುವ ಓಣಿಯವರು. ಮೇಲಿನ ಭಾಗದವರು ಪುಸ್ತಕ ಓದುತ್ತಿರಲಿಲ್ಲ, ಆದರೆ ಪಾಳಿ ಬಿಡುತ್ತಿರಲಿಲ್ಲ. ಪುಸ್ತಕ ಅವರ ಮನೆಗೆ ಹೋಗಿ, ಪಾಳಿ ಮುಗಿಯುವವರೆಗೆ ಗೂಡಿನಲ್ಲಿ ಕುಳಿತು, ಹೋದ ಹಾಗೇ ವಾಪಸು ಬರುತ್ತಿತ್ತು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತ ದಿನ ದೇವಿಂದ್ರಪ್ಪ ವಾಚನಾಲಯಕ್ಕೂ ಬೀಗ ಹಾಕುತ್ತಿದ್ದ. ಒಮ್ಮೆ ನಾನು ಕೇಳಿದೆ.

"ನೀರಿಲ್ಲದ ಟೈಮಿನ್ಯಾಗ ಜ್ಞಾನ ಹ್ಯಾಂಗ ಬಿಡ್ಲಿ ಮಾಸ್ತರ? ಮ್ಯಾಲಿಂದ ಆರ್ಡರ್ ಬೇಕಲ್ಲ?" ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ನಾನು ನಿವೃತ್ತ ಮಾಸ್ತರ. ದಿನಾ ಬೆಳಿಗ್ಗೆ ಅಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ನಿಯಮದ ಪ್ರಕಾರ ಪತ್ರಿಕೆ ಓದುವವನು ಓದುಗನಲ್ಲ. ಅವನನ್ನು ಬಸಿನೀರಿನ ಲೆಕ್ಕಕ್ಕೆ ಹಿಡಿಯುತ್ತಾರೆ. ಬಸಿದು ಹೋದ ನೀರಿಗೆ ಪಾಳಿಯೂ ಇಲ್ಲ, ತಕರಾರೂ ಇಲ್ಲ. ಹೀಗಾಗಿ ಮುಂದೆ ನಡೆದದ್ದನ್ನೆಲ್ಲ ನಾನು ಯಾರ ಕಣ್ಣಿಗೂ ಬೀಳದೆ ನೋಡಿದೆ.

ಆ ವಾಚನಾಲಯದಲ್ಲಿ ನಿಜವಾಗಿ ಓದುತ್ತಿದ್ದವಳು ಒಬ್ಬಳೇ, ಚಮನಬೀ. ತುದಿ ಓಣಿಯವಳು. ಅಂಗನವಾಡಿಯಲ್ಲಿ ಆಯಾ. ಅಂಗನವಾಡಿ ಟೀಚರು ಶಹಾಪುರದಿಂದ ಬರುವ ಬಸ್ಸಿಗೆ ಬಂದು ಅದೇ ಬಸ್ಸು ತಿರುಗಿ ಹೊರಡುವಾಗ ಹೊರಟುಬಿಡುವವರಾದ್ದರಿಂದ, ಉಪ್ಪಿಟ್ಟು ಮಾಡುವುದು, ಮಕ್ಕಳ ಮೂಗು ಒರೆಸುವುದು, ಅ ಆ ಇ ಈ ತಿದ್ದಿಸುವುದು ಎಲ್ಲವೂ ಚಮನಬೀಯ ಪಾಲಿಗೇ ಬಂದಿತ್ತು. ಆ ಟೀಚರು ಆ ವರ್ಷ ನಿವೃತ್ತರಾಗುವವರಿದ್ದರು. ಹತ್ತನೆಯ ತರಗತಿ ಪಾಸಾದ ಆಯಾ ಇದ್ದರೆ ಆ ಜಾಗ ಅವಳಿಗೇ ಎಂದು ಹುಕುಂ ಬಂದಿತ್ತು. ಚಮನಬೀ ಹುಡುಗಿಯಾಗಿದ್ದಾಗ ಹತ್ತನೆಯ ತರಗತಿಯ ಎಲ್ಲ ವಿಷಯ ಪಾಸು ಮಾಡಿ ವಿಜ್ಞಾನ ಒಂದರಲ್ಲಿ ಬಿದ್ದಿದ್ದಳು. ಹಳೆಯ ಪಠ್ಯದಲ್ಲಿ ಬಿದ್ದವರಿಗೆ ಇನ್ನು ಒಂದೇ ಅವಕಾಶ, ಬರುವ ಪರೀಕ್ಷೆ. ಆ ಹಳೆಯ ವಿಜ್ಞಾನ ಪುಸ್ತಕ ಶಹಾಪುರದ ಅಂಗಡಿಗಳಲ್ಲೂ ಇರಲಿಲ್ಲ, ಸುರಪುರದಲ್ಲೂ ಇರಲಿಲ್ಲ. ನಮ್ಮ ಗೋದಾಮಿನಲ್ಲಿ ಒಂದೇ ಒಂದು ಪ್ರತಿ ಇತ್ತು. ನೀಲಿ ರಟ್ಟಿನದು.

ಅವಳ ಪಾಳಿ ಗುರುವಾರ. ಅಂದು ಸಂಜೆ ಒಯ್ದು, ರಾತ್ರಿ ಒಲೆಯ ಮುಂದೆ ಓದಿ, ಬೆಳಿಗ್ಗೆ ತಂದು ಕೊಡಬೇಕು.

"ಕಾಕಾ, ಒಂದು ವಾರ ಇಟ್ಕೋತೀನ್ರಿ," ಎಂದು ಅವಳು ದೇವಿಂದ್ರಪ್ಪನನ್ನು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. "ಮ್ಯಾಲಿನವ್ರು ಅದನ್ನ ತಗದು ಸೈತ ನೋಡಂಗಿಲ್ಲ."

"ನೋಡ್ಲಿ ಬಿಡ್ಲಿ ತಂಗಿ, ಪಾಳಿ ಅಂದ್ರ ಪಾಳಿ. ಬೆಳಿ ಇಲ್ದಿದ್ರೂ ಮ್ಯಾಲಿನವ್ರ ಹೊಲಕ್ಕ ನೀರು ಹೋಗತದಿಲ್ಲ? ಕಾಯ್ದಿ ನಾ ಮಾಡೀನೇನು?"

ಹೀಗೆ ಗುರುವಾರ ಗುರುವಾರ ಓದಿ ಓದಿ ಆ ಪುಸ್ತಕದ ಮೂಲೆಗಳು ಮಡಚಿದವು, ಬೆನ್ನು ಸಡಿಲಾಯಿತು, ಅಲ್ಲಲ್ಲಿ ಎಣ್ಣೆಯ ಕಲೆ ಬಿತ್ತು. ಪುಸ್ತಕ ಹೀಗೆ ಹಳೆಯದಾಗುತ್ತಿದ್ದದ್ದೇ ಅವಳಿಗೆ ಮುಳುವಾಯಿತು.

ಮಂಡಳಿಯ ಅಧ್ಯಕ್ಷರು ರಾಜಧಾನಿಗೆ ಹೋಗಿದ್ದಾಗ, ತಾವು ಇಳಿದುಕೊಂಡಿದ್ದ ಹೋಟೆಲಿನ ಪಡಸಾಲೆಯಲ್ಲಿ ಹಳೆ ಪುಸ್ತಕಗಳಿಂದ ಮಾಡಿದ ಒಂದು ನವಿಲನ್ನು ನೋಡಿದರಂತೆ. ಪುಸ್ತಕದಿಂದ ಇಂಥದ್ದೊಂದು ಉಪಯೋಗವೂ ಇದೆ ಎಂದು ಅವರಿಗೆ ಅಂದೇ ಗೊತ್ತಾದದ್ದು. ಬೇರೆ ಯಾವ ಉಪಯೋಗವೂ ಅವರಿಗೆ ಮೊದಲು ಗೊತ್ತಿರಲಿಲ್ಲವಾದ್ದರಿಂದ ಬಹಳ ಸಂತೋಷಪಟ್ಟರು. ಬಂದವರೇ ಸುತ್ತೋಲೆ ಹೊರಡಿಸಿದರು:

"ಮಂಡಳಿಯ ಅಧೀನದ ಎಲ್ಲ ವಾಚನಾಲಯಗಳಲ್ಲಿ, ಓದಿ ಹಳೆಯದಾದ ಹಾಗೂ ಈಗ ನಿರುಪಯುಕ್ತವಾದ ಪುಸ್ತಕಗಳಿಂದ ಕಲಾಕೃತಿಗಳನ್ನು ನಿರ್ಮಿಸತಕ್ಕದ್ದು. ಕಲಾಕೃತಿಯು ಕಾಲುವೆಯ ಸಾಧನೆಯನ್ನು ಬಿಂಬಿಸತಕ್ಕದ್ದು. ನಿರ್ಮಾಣದ ಅವಧಿಯಲ್ಲಿ ಓದುವಿಕೆಯಿಂದ ಕಾಮಗಾರಿಗೆ ಅಡಚಣೆಯಾಗದಂತೆ ಸಂಬಂಧಪಟ್ಟವರು ಎಚ್ಚರ ವಹಿಸತಕ್ಕದ್ದು."

ಕಾಮಗಾರಿಯ ಹೊಣೆ ಹೊತ್ತು ಮಂಡಳಿಯ ಇಂಜಿನಿಯರ್ ಈಶಪ್ಪನವರು ಜೀಪಿನಲ್ಲಿ ಬಂದರು. ಶಿಲ್ಪಿಯನ್ನು ಆರಿಸಲು ಟೆಂಡರು ಕರೆದರು. ಶಿಲ್ಪಿಗೆ ಕಾಲುವೆಗೆ ಕಲ್ಲು ಹಾಸಿದ ಅನುಭವ ಇರಬೇಕು ಎಂಬುದು ಮುಖ್ಯ ಷರತ್ತು. ಈ ಷರತ್ತಿಗೆ ಹೊಂದುವ ಕಲಾವಿದ ನಮ್ಮ ಭಾಗದಲ್ಲಿ ಒಬ್ಬನೇ ಇದ್ದ, ಗುತ್ತೇದಾರ ತಾಯಪ್ಪ. ಅವನು ಹಾಸಿದ ಕಲ್ಲು ಮೊದಲ ನೀರಿಗೇ ಬಿರಿದು, ತುದಿಯ ಹೊಲಗಳಿಗೆ ನೀರು ಇಂದಿಗೂ ಮುಟ್ಟಿಲ್ಲ. ಯಾರೋ ಅದನ್ನು ನೆನಪಿಸಿದರು.

ತಾಯಪ್ಪ ಎಲೆ ಅಡಿಕೆ ಉಗುಳಿ ಬಂದು ಉತ್ತರ ಕೊಟ್ಟ. "ಅದು ನೀರಿನ ತಪ್ಪು. ಪುಸ್ತಕದಾಗ ನೀರು ಹರಿಯಂಗಿಲ್ಲ. ಹರೀಲಿಲ್ಲಂದ್ರ ಒಡಿಯಂಗಿಲ್ಲ. ಮತ್ತ ಶಿಲ್ಪಿ ಅಂದ್ರ ಯಾರ್ರಿ? ಕಲ್ಲು ಕೂಡಿಸಾಂವ. ನಾ ಏನ್ ಬದನಿಕಾಯಿ ಕೂಡಿಸೀನೇನು?"

ಈ ವಾದ ಎಲ್ಲರಿಗೂ ಒಪ್ಪಿಗೆಯಾಯಿತು. ಕಲಾಕೃತಿಯ ಹೆಸರು 'ಜ್ಞಾನ ಕಾಲುವೆ' ಎಂದಾಯಿತು. ಪುಸ್ತಕಗಳನ್ನು ಇಟ್ಟಿಗೆಯಂತೆ ಜೋಡಿಸಿ ಎರಡು ದಂಡೆ ಕಟ್ಟುವುದು, ನಡುವೆ ನೀಲಿ ರಟ್ಟಿನ ಪುಸ್ತಕಗಳನ್ನು ಹಾಸಿ ನೀರು ಮಾಡುವುದು. ನಮ್ಮ ಕಾಲುವೆಯ ನೀರು ಕೆಂಪಗಿರುತ್ತದಲ್ಲ ಎಂದು ನಾನು ಬಾಯಿ ತಪ್ಪಿ ಅಂದೆ. ಕೆಂಪಗಿರುವುದು ಬರಿಗಣ್ಣಿಗೆ, ನಕಾಶೆಯಲ್ಲಿ ಅದು ನೀಲಿ ಎಂದು ಈಶಪ್ಪನವರು ತಿದ್ದಿದರು. ಬಿಲ್ಲು ಅಡಿ ಲೆಕ್ಕದಲ್ಲಿ ಆಗುವುದಿತ್ತಾದ್ದರಿಂದ ಕಾಗದದ ಮೇಲೆ ಕಾಲುವೆ ಬಾಗಿಲಿನಿಂದ ಹೊರಟು, ಹೊರಗಿನ ಗೋಡೆಗುಂಟ ಸುತ್ತು ಹಾಕಿ, ಮತ್ತೆ ಬಾಗಿಲಿಗೇ ಬಂದು ನಿಂತಿತು. ಒಳಗೆ ಹೋಗಲು ದಾರಿ ಉಳಿಯಲಿಲ್ಲ. ಒಳಗೆ ಪುಸ್ತಕವೂ ಉಳಿಯುವುದಿಲ್ಲವಾದ್ದರಿಂದ ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ತೀರ್ಮಾನವಾಯಿತು. ನನ್ನ ಪತ್ರಿಕೆಯನ್ನು ಗೋದಾಮಿನ ಎದುರಿಗಿದ್ದ ಮಸ್ತಾನಸಾಬನ ಚಹಾದ ಹೋಟೆಲಿಗೆ ವರ್ಗ ಮಾಡಿದರು.

ಕೆಲಸ ಶುರುವಾದ ದಿನವೇ ಒಂದು ದೊಡ್ಡ ದೋಷ ಕಂಡುಬಂತು. ಪುಸ್ತಕಗಳು ಹಳೆಯವಾಗಿರಲಿಲ್ಲ. ಲಾರಿಯಿಂದ ಇಳಿದ ದಿನ ಹೇಗಿದ್ದವೋ ಹಾಗೇ ಇದ್ದವು. ಎಷ್ಟೋ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಮುರಿಯದ ಹಪ್ಪಳದಂತೆ ಗರಿಗರಿಯಾಗಿದ್ದವು. ಹೊಸ ಪುಸ್ತಕ ಬಳಸಿದರೆ ತಪಾಸಣೆಯಲ್ಲಿ ಆಕ್ಷೇಪಣೆ ಬರುತ್ತದೆ. ಈಶಪ್ಪನವರು ತಲೆ ಕೆರೆದುಕೊಂಡರು. ಊರವರಿಗೆ ಪುಸ್ತಕ ಕೊಟ್ಟು ಓದಿಸಿ ಹಳೆಯದು ಮಾಡಿಸೋಣವೇ ಎಂದು ದೇವಿಂದ್ರಪ್ಪ ಕೇಳಿದ.

"ಹುಚ್ಚಪ್ಪ, ಓದಿ ಹಳೇದಾಗೂತನ ನನ್ನ ನೌಕರಿ ಮುಗೀತದ," ಎಂದರು ಈಶಪ್ಪನವರು.

ಹೀಗೆ 'ಪುಸ್ತಕ ಹಳೆಯದಾಗಿಸುವ ಉಪ ಕಾಮಗಾರಿ' ಮಂಜೂರಾಯಿತು. ಮಸ್ತಾನಸಾಬನ ಹೋಟೆಲಿನಿಂದ ಕೊಡಗಟ್ಟಲೆ ಕರಿ ಚಹಾ ಬಂತು. ಹೆಣ್ಣಾಳುಗಳನ್ನು ಹಚ್ಚಿ ಪುಸ್ತಕಗಳನ್ನು ಅದರಲ್ಲಿ ಅದ್ದಿ, ಗೋದಾಮಿನ ಮುಂದೆ ಮೆಣಸಿನಕಾಯಿ ಒಣಹಾಕಿದಂತೆ ಒಣಹಾಕಿದರು. ಒಣಗಿದ ಮೇಲೆ ಮೂಲೆ ಮಡಚಲು ಬೇರೆ ಆಳು, ರಟ್ಟು ಕೆರೆಯಲು ಬೇರೆ ಆಳು. ಮುದುಕಮ್ಮ ಎಂಬವಳು ಒಂದು ಹಕ್ಕಿಯ ಚಿತ್ರ ಕಂಡು ಒಂದು ಗಳಿಗೆ ಕೈ ನಿಲ್ಲಿಸಿದ್ದಕ್ಕೆ ತಾಯಪ್ಪ ಅವಳ ಅರ್ಧ ಕೂಲಿ ಮುರಿದ. ಕೆಲಸದ ಹೊತ್ತಿನಲ್ಲಿ ಓದಿದಳು ಎಂಬುದು ಆರೋಪ.

"ನಾ ಎಲ್ಲಿ ಓದಲ್ಯಪ್ಪ, ನನಗ ಅಕ್ಷರ ಬರಂಗಿಲ್ಲ," ಎಂದು ಮುದುಕಮ್ಮ ಅಂಗಲಾಚಿದಳು.

"ಬರಂಗಿಲ್ಲ ಅಂದಮ್ಯಾಗ ನೋಡಿದ್ದು ಯಾಕ?" ಎಂದ ತಾಯಪ್ಪ. ಮುದುಕಮ್ಮ ಆ ಹಕ್ಕಿಯನ್ನೂ ಚಹಾದಲ್ಲಿ ಅದ್ದಿದಳು. ಚಹಾ ಕುಡಿದ ಪುಸ್ತಕಗಳು ಮಾತ್ರ ಬಹಳ ಚೆನ್ನಾಗಿ ಹಳೆಯವಾದವು. ಮಸ್ತಾನಸಾಬನ ಹೋಟೆಲಿಗೆ ಹೊಸ ತಗಡು ಬಂತು.

ಇಷ್ಟರಲ್ಲಿ ಶುಕ್ರವಾರ ಬೆಳಿಗ್ಗೆ ಚಮನಬೀ ತನ್ನ ಪಾಳಿ ಮುಗಿಸಿ ವಿಜ್ಞಾನ ಪುಸ್ತಕವನ್ನು ದೇವಿಂದ್ರಪ್ಪನ ಕೈಗೆ ಕೊಟ್ಟಳು. ಈಶಪ್ಪನವರ ಕಣ್ಣು ಅದರ ಮೇಲೆ ಬಿತ್ತು.

"ಇದು ಇಷ್ಟು ಚಂದ ಹಳೇದಾಗ್ಯದಲ್ಲ, ಯಾವ ಆಳು ಮಾಡಿದ್ದು?"

"ಆಳಲ್ರಿ ಸಾಹೇಬ್ರ. ಈ ಚಮನಬೀ ಓದತಾಳ. ಓದೇ ಹಂಗಾಗ್ಯದ," ಎಂದ ದೇವಿಂದ್ರಪ್ಪ.

"ಓದೇ?" ಈಶಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಅವರ ಸೇವಾವಧಿಯಲ್ಲಿ ಅಸಲಿ ಮಾಲು ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ನೀಲಿ ರಟ್ಟು ಬೇರೆ. "ತಾಯಪ್ಪಾ, ಇದನ್ನ ಕಾಲುವಿ ತುದಿಗೆ ಹಚ್ಚು. ನಾಲ್ಕು ಮಂದಿಗೆ ಕಾಣಂಗ ಇರಲಿ."

ಚಮನಬೀ ಅಲ್ಲೇ ನಿಂತಿದ್ದಳು. ಅಂಗನವಾಡಿಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡಿದ್ದಳು. ಗಾಬರಿಯಾಗಿ ಅದನ್ನೇ ತಿರುವತೊಡಗಿದಳು.

"ಸಾಹೇಬ್ರ, ನನ್ನ ಪರೀಕ್ಷಾ ಆಗೂತನ ಬಿಡ್ರಿ. ಆಮ್ಯಾಗ ನಾನೇ ತಂದು ಅಂಟಸ್ತೀನಿ."

"ಅಧ್ಯಕ್ಷರು ಬರೋ ದಿನ ಗೊತ್ತಾಗ್ಯದವಾ. ನಿನ್ನ ಪರೀಕ್ಷಾ ಸಲುವಾಗಿ ಅವ್ರು ತಡೀಬೇಕಾ?"

"ಬ್ಯಾರೆ ನೀಲಿ ಬುಕ್ ಭಾಳ ಅವಲ್ರಿ."

"ಅವೆಲ್ಲಾ ಚಹಾದಾಗ ಹಳೇವಾದವು. ಸುತ್ತೋಲ್ಯಾಗ ಏನ್ ಬರದಾರ? ಓದಿ ಹಳೇದಾದದ್ದು ಅಂತ ಬರದಾರ. ನಾಳಿ ಯಾರರ ತಪಾಸಣಾ ಮಾಡಿದ್ರ, ಅಂಥಾದ್ದು ಒಂದರ ತೋರಸ್ಬೇಕಲ್ಲ?"

"ನಾ ಇನ್ನೂ ಓದಾಕತ್ತೀನ್ರಿ. ಅರ್ಧಾನೂ ಮುಗಿದಿಲ್ರಿ."

ಈ ಮಾತಿಗೆ ಈಶಪ್ಪನವರು ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಮುಖದಲ್ಲಿ ನಾನು ಕ್ಷಣಕಾಲ ಮನುಷ್ಯತ್ವ ಕಂಡೆ ಎಂದುಕೊಂಡೆ. ಅದು ಸುತ್ತೋಲೆಯ ಎರಡನೆಯ ಷರತ್ತಿನ ಚಿಂತೆ. ಪುಸ್ತಕ ಹಳೆಯದಾದರೆ ಸಾಲದು, ನಿರುಪಯುಕ್ತವೂ ಆಗಿರಬೇಕು. ಓದುವವರಿರುವ ತನಕ ಅದು ಉಪಯುಕ್ತ. ಹಾಗಾಗಿ ಅವರು ಬಹಳ ಮೃದುವಾಗಿ, 'ನಾನು ಇನ್ನು ಮುಂದೆ ಓದುವುದಿಲ್ಲ' ಎಂದು ಒಂದು ಚೀಟಿ ಬರೆದುಕೊಡು ಅಂದರು.

"ಓದಾಕಿ ಓದಂಗಿಲ್ಲಂತ ಹ್ಯಾಂಗ ಬರೀಲ್ರಿ? ಸುಳ್ಳು ಬರದು, ನಾಳಿ ಮಕ್ಳಿಗೆ ಏನಂತ ಕಲಸ್ಲಿ?" ಎಂದು ಚಮನಬೀ ಹೊರಟುಹೋದಳು. ಇಂಥ ಹಠ ಅಂಗನವಾಡಿ ಆಯಾಗೆ ತಕ್ಕದ್ದಲ್ಲ ಎಂದು ಅಲ್ಲಿದ್ದವರೆಲ್ಲ ಮಾತಾಡಿಕೊಂಡರು.

ಪುಸ್ತಕ ನಿರುಪಯುಕ್ತವಾಗಲು ಒಪ್ಪದಿದ್ದರೆ ಮಾಡುವುದೇನು? ಮಾಡುವುದನ್ನು ಮಂಡಳಿ ಮಾಡಿತು. ಸೋಮವಾರ ಗೋದಾಮಿನ ಗೋಡೆಗೆ ಪ್ರಕಟಣೆ ಬಿತ್ತು:

"ಚಮನಬೀ ಎಂಬ ಕೊನೆ ಭಾಗದ ಓದುಗರು ದೀರ್ಘಕಾಲದಿಂದ ಒಂದೇ ಪುಸ್ತಕವನ್ನು ಓದುತ್ತ ಬಂದಿದ್ದು, ಸದರಿಯವರು ಬಳಕೆಯಿಂದ ಸವೆದಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಸದರಿ ಓದುಗರನ್ನು ಹಳೆಯ ಹಾಗೂ ನಿರುಪಯುಕ್ತ ಎಂದು ಪರಿಗಣಿಸಿ ಈ ಮೂಲಕ ರದ್ದುಪಡಿಸಲಾಗಿದೆ. ಪುಸ್ತಕದ ಸ್ಥಿತಿ ತೃಪ್ತಿಕರವಾಗಿದೆ."

ನಾನು ನಲವತ್ತು ವರ್ಷ ಮಾಸ್ತರಿಕೆ ಮಾಡಿದವನು. ಓದುಗನನ್ನು ರದ್ದಿಗೆ ಹಾಕಿ ಪುಸ್ತಕ ಉಳಿಸಿಕೊಂಡದ್ದನ್ನು ಅಂದೇ ನೋಡಿದ್ದು. ಆ ಪುಸ್ತಕವನ್ನಾದರೂ ಉಳಿಸಿದರೇ? ಅಂಟು ಕಲಸಿಟ್ಟುಕೊಂಡು ಕೂತಿದ್ದರು. ಥೂ ಇವರ ಎಂದು ಉಗುಳಬೇಕೆನ್ನಿಸಿತು. ಸುತ್ತಲೂ ಪುಸ್ತಕ ಒಣಹಾಕಿದ್ದರು, ಉಗುಳಲೂ ಜಾಗವಿರಲಿಲ್ಲ.

ಗುರುವಾರ ಸಂಜೆ ಚಮನಬೀ ಎಂದಿನಂತೆ ಬಂದು ನಿಂತಳು.

"ನಿನ್ನ ರದ್ದು ಮಾಡ್ಯಾರ ತಂಗಿ," ಎಂದ ದೇವಿಂದ್ರಪ್ಪ, ಮುಖ ತಪ್ಪಿಸುತ್ತ.

"ನನ್ನ ರದ್ದು ಮಾಡ್ರಿ ಕಾಕಾ. ಪಾಳಿ ಹ್ಯಾಂಗ ರದ್ದು ಮಾಡ್ತೀರಿ? ಪಾಳಿ ಮನಿತನದ್ದು. ನೀವೇ ಹೇಳಿದ್ದು, ಪಾಳಿ ಅಂದ್ರ ಪಾಳಿ ಅಂತ."

ದೇವಿಂದ್ರಪ್ಪ ಬೆವತುಬಿಟ್ಟ. ಇದು ಈ ಸೀಮೆಯ ಜನಕ್ಕೆ ಮಾತ್ರ ತಿಳಿಯುವ ಸಂಗತಿ. ಇಲ್ಲಿ ಒಬ್ಬನ ಹೆಂಡತಿಯನ್ನು ಬೈದರೆ ನ್ಯಾಯ ಪಂಚಾಯತಿಯಲ್ಲಿ ಮುಗಿಯುತ್ತದೆ. ಒಬ್ಬನ ನೀರಿನ ಪಾಳಿ ತಪ್ಪಿಸಿದರೆ ಕುಡಗೋಲು ಹೊರಗೆ ಬರುತ್ತದೆ. ಹೊಲ ಮಾರಿದರೂ ಪಾಳಿ ಸಾಯುವುದಿಲ್ಲ, ಮನುಷ್ಯ ಸತ್ತರೂ ಸಾಯುವುದಿಲ್ಲ. ಒಂದು ಸಲ ಒಬ್ಬರ ಪಾಳಿ ಮುರಿದರು ಎಂದು ಸುದ್ದಿಯಾದರೆ ನಾಳೆ ಕಾಲುವೆಯ ಮೇಲೂ ಅದೇ ನಡೆಯುತ್ತದೆ ಎಂದು ಮೇಲಿನ ಭಾಗದವರೇ ಎದ್ದು ಬಂದರು. ಪುಸ್ತಕ ಯಾವುದು ಎಂದು ಅವರು ಕೇಳಲಿಲ್ಲ. ಪಾಳಿ ಉಳಿಯಬೇಕು ಎಂದರು. ಚಮನಬೀಯ ಮುಖ ಅರಳಿತು. ನನಗೂ, ಸುಳ್ಳು ಯಾಕೆ, ಎದೆ ಉಬ್ಬಿತು.

ಈಶಪ್ಪನವರು ಗಡಬಡಿಸಲಿಲ್ಲ. ಒಂದು ಸಿಗರೇಟು ಸೇದಿ ಬಂದು ತೀರ್ಪು ಕೊಟ್ಟರು. ಚಮನಬೀಯ ಪಾಳಿ ಖಾಯಂ. ಪ್ರತಿ ಗುರುವಾರ ಆ ಪುಸ್ತಕ ಅವಳದೇ. ಆದರೆ ಪುಸ್ತಕ ಅವಳಲ್ಲಿಗೆ ಹೋಗುವುದಿಲ್ಲ, ಅವಳೇ ಪುಸ್ತಕದಲ್ಲಿಗೆ ಬರಬೇಕು. ಪುಸ್ತಕವನ್ನು ಕಾಲುವೆಯ ತುದಿಗೆ ತೆರೆದ ಸ್ಥಿತಿಯಲ್ಲಿಯೇ ಅಂಟಿಸಲಾಗುವುದು.

"ನಿನಗ ಯಾವ ಪುಟ ಬೇಕು ಹೇಳವಾ. ಅದನ್ನೇ ತಗದು ಅಂಟಸೂಣು," ಎಂದು ಉದಾರವಾಗಿ ಕೇಳಿದರು.

"ಎಲ್ಲಾ ಪುಟ ಬೇಕ್ರಿ ಸಾಹೇಬ್ರ."

ಈಶಪ್ಪನವರು 'ಯಾವುದಾದರೂ ಆಗಬಹುದು' ಎಂದು ಬರೆದುಕೊಂಡರು. ನ್ಯಾಯ ಸಿಕ್ಕಿತು ಎಂದು ಊರವರು ಮನೆಗೆ ಹೋದರು.

ತಾಯಪ್ಪ ಕಣ್ಣಿನ ಪಾಠ ಇರುವ ಪುಟ ತೆರೆದ. ಎಡಕ್ಕೆ ಮನುಷ್ಯನ ಕಣ್ಣಿನ ದೊಡ್ಡ ಚಿತ್ರವಿತ್ತು, ಬಾಣದ ಗುರುತು ಹಾಕಿ ಭಾಗಗಳ ಹೆಸರು ಬರೆದಿದ್ದರು. ಬಲಕ್ಕೆ ಒಂದೊಂದು ಭಾಗದ ವಿವರಣೆ. ಚಿತ್ರ ಚೆನ್ನಾಗಿದೆ, ಅಧ್ಯಕ್ಷರಿಗೆ ಹಿಡಿಸುತ್ತದೆ ಎಂಬುದೇ ಕಾರಣ.

ಉದ್ಘಾಟನೆ ಮುಂದಿನ ಗುರುವಾರವೇ ಆಯಿತು. ಅಧ್ಯಕ್ಷರು ಕಾಲುವೆಯುದ್ದಕ್ಕೂ ನಡೆದು, ಚಹಾದ ವಾಸನೆಯನ್ನು ಪ್ರಾಚೀನತೆಯ ಪರಿಮಳ ಎಂದು ಕೊಂಡಾಡಿದರು. ತುದಿಗೆ ಬಂದು ನಿಂತರು.

"ಇಷ್ಟು ವರ್ಷದಲ್ಲಿ ಕೊನೆ ಭಾಗದವರೆಗೆ ಪೂರ್ತಿ ತಲುಪಿದ ಕಾಲುವೆ ಇದೊಂದೇ!" ಎಂದರು. ಚಪ್ಪಾಳೆ ಬಿತ್ತು. ತುದಿಯ ಹೊಲದ ರೈತರೂ ತಟ್ಟಿದರು. ಅವರಿಗೆ ಅಂದು ಬೇರೆ ಕೆಲಸವಿರಲಿಲ್ಲ. ಆಮೇಲೆ ಅಧ್ಯಕ್ಷರು ಸವೆದ ವಿಜ್ಞಾನ ಪುಸ್ತಕವನ್ನು ಮುಟ್ಟಿ, "ಇದನ್ನು ಓದಿದವರು ಯಾರು? ನೋಡಬಹುದೇ?" ಎಂದು ಕೇಳಿದರು.

ರದ್ದಾದವಳನ್ನು ಎಲ್ಲಿಂದ ತರುವುದು? ಈಶಪ್ಪನವರೇ ಅಂಗನವಾಡಿಗೆ ಓಡಿದರು. ನಾನೂ ಹಿಂದೆಯೇ ಹೋದೆ. ಚಮನಬೀ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು.

"ಬಾರವಾ, ಅಧ್ಯಕ್ಷರ ಮುಂದ ಒಂದು ಗಳಿಗಿ ಓದಿದಂಗ ಮಾಡು. ಕಾರ್ಯಕ್ರಮ ಮುಗದ ಕೂಡ್ಲೆ ಬುಕ್ ಕಿತ್ತಿ ನಿನ್ನ ಕೈಯಾಗ ಕೊಡಸ್ತೀನಿ. ದೇವರಾಣಿ."

ಚಮನಬೀ ಕೈ ತೊಳೆದುಕೊಂಡು ಬಂದಳು. ಪುಸ್ತಕದ ಮುಂದೆ ಕುಳಿತಳು. ಓದಿದಂತೆ ನಟಿಸುವುದು ಅವಳಿಗೆ ಗೊತ್ತಿರಲಿಲ್ಲ, ನಿಜವಾಗಿಯೇ ಓದತೊಡಗಿದಳು. ತುಟಿ ಅಲುಗುತ್ತಿತ್ತು, ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಫೋಟೋದವರು ಸುತ್ತುವರಿದರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು.

"ಕಲಾಕೃತಿ ಈಗ ಪೂರ್ತಿಯಾಯಿತು. ಇವರಿಲ್ಲದಿದ್ದರೆ ಇದು ಬರೀ ಪುಸ್ತಕ. ಇವರನ್ನು ಇಲ್ಲಿಂದ ಕದಲಿಸಬೇಡಿ," ಎಂದು ಅಪ್ಪಣೆ ಕೊಟ್ಟು ಹೊರಟರು.

ಕಾರ್ಯಕ್ರಮ ಮುಗಿದ ಮೇಲೆ ಚಮನಬೀ ಪುಸ್ತಕ ಕೇಳಿದಳು. ಈಶಪ್ಪನವರು ತಾಯಪ್ಪನ ಮುಖ ನೋಡಿದರು. ತಾಯಪ್ಪ ಎರಡೂ ಕೈಯಲ್ಲಿ ಹಿಡಿದು ಎಳೆದ. ಪುಸ್ತಕ ಅಲುಗಲಿಲ್ಲ. ಅಂಟಿನಲ್ಲಿ ಸಿಮೆಂಟು ಬೆರೆಸಿದ್ದನಂತೆ. ಮೇಲಿನ ಎರಡು ಪುಟ ಬಿಟ್ಟರೆ ಇಡೀ ಪುಸ್ತಕ ಕಲ್ಲಾಗಿತ್ತು.

"ನನ್ನ ಜನ್ಮದಾಗ ಇಷ್ಟು ಗಟ್ಟಿ ಕೆಲಸ ಮಾಡಿದಾಂವಲ್ಲ ನೋಡ್ರಿ," ಎಂದು ತಾಯಪ್ಪ ತಾನೇ ಬೆರಗಾದ. ಅವನು ಅಂದದ್ದು ಖರೆ. ಕಾಲುವೆಗೆ ಹಾಕಬೇಕಾದ ಸಿಮೆಂಟನ್ನು ಅವನು ಕಡೆಗೂ ಒಂದು ಕಡೆ ಪ್ರಾಮಾಣಿಕವಾಗಿ ಹಾಕಿದ್ದ.

ಮುಂದಿನ ವಾರ ಆದೇಶ ಬಂತು. ರದ್ದಾದ ಓದುಗರನ್ನು ಕಲಾಕೃತಿಯ ಭಾಗವಾಗಿ ಪುನಃ ಸೇರಿಸಿಕೊಳ್ಳಲಾಗಿದೆ. ಸದರಿಯವರ ಪಾಳಿಯನ್ನು ಹಗಲಿಗೆ ಬದಲಾಯಿಸಲಾಗಿದ್ದು, ಪ್ರತಿ ಗುರುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆ ಬಾಗಿಸಿ ಕುಳಿತಿರತಕ್ಕದ್ದು. ಪುಟ ತಿರುವಲು ಪ್ರಯತ್ನಿಸತಕ್ಕದ್ದಲ್ಲ. ಕಲಾಕೃತಿಯ ಧೂಳು ಹೊಡೆಯುವಾಗ ಓದುಗರ ಧೂಳನ್ನೂ ಹೊಡೆಯತಕ್ಕದ್ದು.

ಯಾದಗಿರಿಯಿಂದ, ಸುರಪುರದಿಂದ ಜನ ನೋಡಲು ಬರತೊಡಗಿದರು. ಚಮನಬೀ ಕುಳಿತೇ ಕುಳಿತಳು. ಎರಡು ಪುಟವಾದರೂ ಸರಿ ಎಂದು ಓದಿದಳು. ಆ ಕಣ್ಣಿನ ಚಿತ್ರ ಅವಳಿಗೆ ಎಷ್ಟು ಬಾಯಿಪಾಠವಾಯಿತೆಂದರೆ, ಅಂಗನವಾಡಿಯ ಅಂಗಳದಲ್ಲಿ ಕಡ್ಡಿಯಿಂದ ಅದನ್ನು ಬರೆದು ಮಕ್ಕಳಿಗೆ ತೋರಿಸುತ್ತಿದ್ದಳು. ನಾನು ನನಗೆ ನೆನಪಿದ್ದ ವಿಜ್ಞಾನವನ್ನು ಒಂದಿಷ್ಟು ಹೇಳಿಕೊಟ್ಟೆ. ನಾನು ಕನ್ನಡ ಮಾಸ್ತರ, ನನ್ನ ವಿಜ್ಞಾನ ಎಷ್ಟೆಂದು ನನಗೇ ಗೊತ್ತು. ಆದರೂ ಅವಳು ಬಿಡಲಿಲ್ಲ. ಪರೀಕ್ಷೆಗೆ ಫೀಜು ಕಟ್ಟಿದಳು, ಹಾಲ್ ಟಿಕೀಟು ಬಂತು.

ವಿಜ್ಞಾನದ ಪರೀಕ್ಷೆ ಗುರುವಾರ ಬಿತ್ತು. ಅದೇ ಗುರುವಾರ ಬೇರೆ ಬೇರೆ ಕಾಲುವೆಗಳ ಹಿರಿಯ ಅಧಿಕಾರಿಗಳು ಒಂದು ಬಸ್ಸು ತುಂಬ ಅಧ್ಯಯನ ಪ್ರವಾಸಕ್ಕೆ ಬರುವವರಿದ್ದರು. ಓದುಗರು ಹಾಜರಿರುವ ದಿನ ಎಂದೇ ಅವರು ಗುರುವಾರ ಆರಿಸಿಕೊಂಡಿದ್ದರು. ಚಮನಬೀ ಈಶಪ್ಪನವರ ಮುಂದೆ ಹಾಲ್ ಟಿಕೀಟು ಹಿಡಿದು ನಿಂತಳು.

"ಪರೀಕ್ಷಾ ಅದ್ರಿ ಸಾಹೇಬ್ರ. ಶಹಾಪುರಕ್ಕ ಹೋಗ್ಬೇಕು. ಇದು ತಪ್ಪಿದ್ರ ಮತ್ತ ಇಲ್ರಿ."

"ಪಾಳಿ ಬೇಕಂತ ಹಠ ಹಿಡದಾಕಿ ನೀನೇ ಅಲ್ಲೇನು? ಊರೆಲ್ಲಾ ಕೂಡಿಸಿ ಪಾಳಿ ತಗೊಂಡಿ. ಈಗ ಪಾಳಿ ಬಿಟ್ಟು ಹೋಗತೀನಂದ್ರ ಹ್ಯಾಂಗ?"

"ಒಂದು ದಿನಾರಿ."

"ನೋಡು ಚಮನಬೀ. ನಿನಗ ಓದೂದು ದೊಡ್ಡದೋ, ಪರೀಕ್ಷಾ ದೊಡ್ಡದೋ?" ಈಶಪ್ಪನವರಿಗೆ ನಿಜವಾಗಿಯೂ ಬೇಸರವಾಗಿತ್ತು. "ಮತ್ತ ನಿಮ್ಮ ಅಂಗನವಾಡಿ ಖೋಲಿ ಮಂಡಳಿದು. ನೀ ಬರ್ಲಿಲ್ಲಂದ್ರ ಅದನ್ನ ಖಾಲಿ ಮಾಡಸ್ಬೇಕಾಗತದ. ಮಕ್ಳು ಬಿಸಲಾಗ ಕುಂದ್ರತಾವ. ನನಗೇನು ಚಲೋ ಅನಸತದೇನು?"

ಚಮನಬೀ ಬಹಳ ಹೊತ್ತು ಹಾಲ್ ಟಿಕೀಟು ನೋಡಿದಳು. ಆಮೇಲೆ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.  ನನಗೆ ಅವಳ ಮುಖ ನೋಡಲಾಗಲಿಲ್ಲ, ಹೋಟೆಲಿಗೆ ಹೋಗಿ ಪತ್ರಿಕೆ ಬಿಚ್ಚಿ ಕುಳಿತೆ. ಒಂದು ಅಕ್ಷರವೂ ಕಾಣಲಿಲ್ಲ.

ಆ ಗುರುವಾರ ಹಿರಿಯ ಅಧಿಕಾರಿಗಳು ಬಂದರು, ಮಸ್ತಾನಸಾಬನ ಚಹಾ ಕುಡಿದರು, ಕಲಾಕೃತಿ ನೋಡಿದರು. ಕುಳಿತ ಹೆಂಗಸು ಮಣ್ಣಿನದೋ ಮೇಣದ್ದೋ ಎಂದು ಒಬ್ಬರು ಕೇಳಿದರು. ಅಸಲಿ ಎಂದು ತಾಯಪ್ಪ ಹೆಮ್ಮೆಯಿಂದ ಹೇಳಿದ. ತಮ್ಮ ತಮ್ಮ ಕಡೆಯೂ ಇಂಥದ್ದೇ ಮಾಡಿಸುವುದಾಗಿ ಎಲ್ಲರೂ ಬರೆದುಕೊಂಡು ಹೋದರು. ಸಂಜೆ, ಹಳೆಯ ಪಠ್ಯದ ಪರೀಕ್ಷೆಯನ್ನೇ ಬರೆದು ಶಹಾಪುರದ ಬಸ್ಸಿನಿಂದ ಇಳಿದ ಹೆಂಗಸೊಬ್ಬಳ ಕೈಯಿಂದ ನಾನು ವಿಜ್ಞಾನದ ಪ್ರಶ್ನೆಪತ್ರಿಕೆ ಇಸಿದುಕೊಂಡು ನೋಡಿದೆ. ಮೊದಲ ದೊಡ್ಡ ಪ್ರಶ್ನೆ ಹೀಗಿತ್ತು: ಮನುಷ್ಯನ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.

ಈ ವಿಷಯವನ್ನು ನಾನು ಚಮನಬೀಗೆ ಹೇಳಲಿಲ್ಲ. ಯಾರೋ ಹೇಳಿದರು.

ಅಂಗನವಾಡಿಯ ಜಾಗಕ್ಕೆ ತಾಯಪ್ಪನ ಸೊಸೆ ಬಂದಳು. ಇರುವುದು ದೇವಾಪುರದಲ್ಲಿ, ಹತ್ತನೆಯ ತರಗತಿ ಪಾಸು. ಬಸ್ಸಿಗೆ ಬಂದು ಅದೇ ಬಸ್ಸಿಗೆ ಹೋಗುತ್ತಾಳೆ. ಊರಿನಲ್ಲಿ ಯಾರಿಗೂ ಇದು ಅನ್ಯಾಯ ಎನ್ನಿಸಲಿಲ್ಲ. ಓದಿದರೆ ಹೇಗೆ ಸರಕಾರಿ ಮರ್ಯಾದೆ ಸಿಗುತ್ತದೆ ನೋಡು ಎಂದು ತಾಯಂದಿರು ಗುರುವಾರ ಹೆಣ್ಣುಮಕ್ಕಳನ್ನು ಕರೆತಂದು ಚಮನಬೀಯನ್ನು ತೋರಿಸುತ್ತಾರೆ. ಕಾಲುವೆಗೆ ನೀರು ನಿಂತ ದಿನಗಳಲ್ಲಿ ಅವಳಿಗೆ ರಜೆ. ನೀರು ಬಿಟ್ಟ ದಿನ ದೇವಿಂದ್ರಪ್ಪ ಬಂದು ಕರೆಯುತ್ತಾನೆ, ಅವಳು ಬಂದು ಕೂಡುತ್ತಾಳೆ.

ಮೊನ್ನೆ ಗುರುವಾರ ಮುದುಕಮ್ಮ ಕಲಾಕೃತಿಯ ಧೂಳು ಹೊಡೆಯುತ್ತಿದ್ದಳು. ಅವಳನ್ನು ಆ ಕೆಲಸಕ್ಕೆ ಖಾಯಂ ಮಾಡಿದ್ದಾರೆ. ಕಾಲುವೆಯ ತುದಿಗೆ ಬಂದು, ಚಮನಬೀಯ ಹೆಗಲ ಮೇಲಿನ ಧೂಳನ್ನೂ ನಿಯಮದಂತೆ ಹೊಡೆದು, ಚಿತ್ರದ ಕಡೆ ಬಗ್ಗಿ ನೋಡಿದಳು. ಈಗ ಕೂಲಿ ಮುರಿಯುವವರು ಯಾರೂ ಇರಲಿಲ್ಲ.

"ಇದು ಕಣ್ಣಲ್ಲೇನವ್ವ?"

"ಹೌದು ಚಿಗವ್ವ."

"ಕಣ್ಣಿಗೆ ಹ್ಯಾಂಗ ಕಾಣತದ ಅಂತ ಬರದಾರೇನು ಇದರಾಗ?"

"ಬರದಾರ," ಎಂದಳು ಚಮನಬೀ, ಪುಟದಿಂದ ತಲೆ ಎತ್ತದೆ. "ಮುಂದಿನ ಪುಟದಾಗ ಅದ."

"ಹೌದೇನು? ಹಂಗಾರ ಅದರ ಪಾಳಿ ಬರೂತನ ತಡಿ," ಎಂದು ಮುದುಕಮ್ಮ ಅವಳ ತಲೆಯ ಸೆರಗನ್ನೊಮ್ಮೆ ಒರೆಸಿ ಮುಂದಕ್ಕೆ ಹೋದಳು.

ದೇವಿಂದ್ರಪ್ಪ ಬಾಗಿಲಲ್ಲಿ ಕುಳಿತು ಅಂದಿನ ಹಾಜರಿ ಹಾಕಿದ: ಓದುಗರು, ನೂರಕ್ಕೆ ನೂರು.